ಕಾಶಿಗೆ ಪ್ಯಾಕೇಜಾ, ನಾವೇ ಬುಕ್ ಮಾಡೋದಾ?

ಪ್ರಶ್ನೆ: ಮೇಡಂ, ನಮ್ಮದು ತೀರ್ಥಹಳ್ಳಿ ಹತ್ತಿರ ಅಡಿಕೆ ತೋಟ. ಕೊಯ್ಲು, ಸುಲಿತ ಎಲ್ಲ ಮುಗಿದ ಮೇಲೆ ಅಣ್ಣ-ತಮ್ಮಂದಿರ ಮನೆಯವರೆಲ್ಲ ಸೇರಿ ಹನ್ನೆರಡು ಜನ ಕಾಶಿ, ಪ್ರಯಾಗ, ಗಯಾ, ಅಯೋಧ್ಯೆಗೆ ಹೋಗಿಬರಬೇಕು ಅಂತಿದ್ದೇವೆ. ಅಪ್ಪಯ್ಯನಿಗೆ 76 ವರ್ಷ, ಮಂಡಿ ನೋವು. ಶಿವಮೊಗ್ಗದ ಒಂದು ಟ್ರಾವೆಲ್ಸಿನವರು ಒಬ್ಬರಿಗೆ 38 ಸಾವಿರ ಹೇಳಿದ್ದಾರೆ. ಬೆಂಗಳೂರಿಂದ ವಿಮಾನ, ಎಂಟು ದಿನ. ಅರ್ಧ ದುಡ್ಡು ಈ ವಾರವೇ ಕಟ್ಟಿ ಅಂತಾರೆ. ಬೆಂಗಳೂರಲ್ಲಿರುವ ಅಕ್ಕನ ಮಗ, "ಸುಮ್ನೆ ಅವರಿಗ್ಯಾಕೆ ಕೊಡ್ತೀರಿ, ಎಲ್ಲ ಮೊಬೈಲಲ್ಲೇ ಆಗತ್ತೆ, 28 ಸಾವಿರದಲ್ಲಿ ಮುಗಿಸ್ತೀನಿ" ಅಂತಾನೆ. ಯಾವುದು ಒಳ್ಳೆಯದು?
— ಓದುಗರು, ತೀರ್ಥಹಳ್ಳಿ ತಾಲೂಕು

ಉತ್ತರ: ಅಪ್ಪಯ್ಯನ ಮಂಡಿ ನೋವಿನ ವಿಷಯ ಬರೆದಿದ್ದು ಒಳ್ಳೆಯದಾಯಿತು. ಅದಿಲ್ಲದಿದ್ದರೆ ನಾನು ಬೇರೆ ಮಾತು ಹೇಳುತ್ತಿದ್ದೆ. ಗಂಡ-ಹೆಂಡತಿ ಇಬ್ಬರೇ, ಗಟ್ಟಿಮುಟ್ಟಾಗಿದ್ದೇವೆ, ಹಿಂದಿ ನಾಲ್ಕು ಮಾತು ಬರುತ್ತದೆ ಅಂದಿದ್ದರೆ, ನೀವೇ ಬುಕ್ ಮಾಡಿಕೊಂಡು ಆರಾಮಾಗಿ ಹೋಗಿಬನ್ನಿ ಅನ್ನುತ್ತಿದ್ದೆ. ಹನ್ನೆರಡು ಜನ, ನಾಲ್ಕು ಊರು, ಜೊತೆಯಲ್ಲಿ ವಯಸ್ಸಾದವರು ಅಂದಾಗ ನನ್ನ ಒಲವು ಟ್ರಾವೆಲ್ಸಿನ ಕಡೆಗೆ. ಆದರೆ ಅವರು ಹೇಳಿದ ಹಾಗೆ ಈ ವಾರವೇ ಅರ್ಧ ದುಡ್ಡು ಕಟ್ಟಬೇಡಿ.

ಹೊಸದಾಗಿ ಈ ಅಂಕಣ ಓದುವವರಿಗೆ ಒಂದು ಮಾತು. ನಾನು ಶಿವಮೊಗ್ಗದ ದುರ್ಗಿಗುಡಿಯ ಒಂದು ಟ್ರಾವೆಲ್ಸ್ ಆಫೀಸಿನಲ್ಲಿ ಟಿಕೆಟ್ ಕೌಂಟರ್ ನೋಡಿಕೊಂಡು ಬಹಳ ವರ್ಷ ಕೆಲಸ ಮಾಡಿದವಳು. ಟ್ರಾವೆಲ್ಸಿನವರ ಕಷ್ಟ ಗೊತ್ತು, ದುಡ್ಡು ಕಟ್ಟಿದವರ ಕಷ್ಟವೂ ಗೊತ್ತು. ಯಾತ್ರೆಗೆ ಅಂತ ಎತ್ತಿಟ್ಟ ದುಡ್ಡು ಹೋದರೆ ಮನೆಯ ಹಿರಿಯರು ಎಷ್ಟು ಕುಗ್ಗಿಹೋಗುತ್ತಾರೆ ಅನ್ನುವುದನ್ನು ಹತ್ತಿರದಿಂದ ನೋಡಿದ್ದೇನೆ. ಅದಕ್ಕೇ ಈ ಸಲ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಆ ಹತ್ತು ಸಾವಿರದ ವ್ಯತ್ಯಾಸ. ಅದಷ್ಟೂ ಟ್ರಾವೆಲ್ಸಿನವರ ಲಾಭ ಅಂತ ನಿಮ್ಮ ಹುಡುಗ ತಿಳಿದಿರಬಹುದು. ಹಾಗಿರುವುದಿಲ್ಲ. ಹನ್ನೆರಡು ಜನಕ್ಕೆ ಟೆಂಪೊ ಟ್ರಾವೆಲರ್ ದಿನವೂ ಬೇಕು. ಅದರ ಡೀಸೆಲ್, ಡ್ರೈವರ್ ಭತ್ಯೆ, ಟೋಲ್, ಪಾರ್ಕಿಂಗ್ ಇದೆ. ಜೊತೆಗೊಬ್ಬ ಮ್ಯಾನೇಜರ್ ಬರಬೇಕು. ನಮ್ಮ ಕಡೆಯ ಕೆಲವು ಯಾತ್ರೆಯವರು ಅಡುಗೆಯವರನ್ನೂ ಕರೆದುಕೊಂಡು ಹೋಗುತ್ತಾರೆ. ಮೂರು ದಿನ ಪೂರಿ-ಕಚೋರಿ ತಿಂದ ಮೇಲೆ ಒಂದು ತಟ್ಟೆ ಬಿಸಿ ಅನ್ನ-ಸಾರು ಸಿಕ್ಕರೆ ಹಿರಿಯರಿಗೆ ಎಷ್ಟು ಸಮಾಧಾನ ಅನ್ನುವುದು ಹೋಗಿಬಂದವರಿಗೆ ಗೊತ್ತು. ವಿಮಾನದ ಟೂರಿನಲ್ಲಿ ಈ ವ್ಯವಸ್ಥೆ ಕಡಿಮೆ, ಆದರೂ ಕೇಳಿ ನೋಡಿ. ಇನ್ನು ಪ್ಯಾಕೇಜಿನ ಮೇಲೆ ಶೇಕಡ 5 ಜಿಎಸ್‌ಟಿ ಬರುತ್ತದೆ. 38 ಸಾವಿರಕ್ಕೆ ಅದು 1,900 ರೂಪಾಯಿ, ಹನ್ನೆರಡು ಜನಕ್ಕೆ 22,800. ಹೇಳಿದ ರೇಟಿನಲ್ಲಿ ಅದು ಸೇರಿದೆಯೋ ಕೊನೆಗೆ ಸೇರಿಸುತ್ತಾರೋ ಈಗಲೇ ಕೇಳಿ. ಹಾಗೆಯೇ ಅಕ್ಕನ ಮಗನ 28 ಸಾವಿರದಲ್ಲಿ ಗಾಡಿ, ದೋಣಿ, ಊಟ ಎಲ್ಲ ಇದೆಯಾ ಅಂತಲೂ ಕೇಳಿ. ವಿಮಾನ, ರೂಮು ಎರಡನ್ನೇ ಕೂಡಿಸಿ ಲೆಕ್ಕ ಹೇಳುವ ಹುಡುಗರೇ ಜಾಸ್ತಿ.

ಎರಡನೆಯದು, ಯಾವ ದಿನ ಎಲ್ಲಿ ಅನ್ನುವ ಪಟ್ಟಿ. ಅದನ್ನು ಅಪ್ಪಯ್ಯನ ಮಂಡಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿ. "ವಿಶ್ವನಾಥ ದೇವಸ್ಥಾನದ ಹತ್ತಿರ ಹೋಟೆಲ್" ಅಂತ ಬರೆದಿರುತ್ತಾರೆ. ಕಾಶಿಯಲ್ಲಿ ಈ "ಹತ್ತಿರ" ಅನ್ನುವುದನ್ನು ಹಾಗೇ ನಂಬುವ ಹಾಗಿಲ್ಲ. ಕಂಟೋನ್ಮೆಂಟ್ ಕಡೆ ಒಳ್ಳೆಯ ಹೋಟೆಲುಗಳಿವೆ, ಆದರೆ ದೇವಸ್ಥಾನ ಅಲ್ಲಿಂದ ನಾಲ್ಕೈದು ಕಿಲೋಮೀಟರ್. ಗಂಗೆಯ ಪಕ್ಕದ ಗಲ್ಲಿಗಳಲ್ಲಿ ರೂಮು ಸಿಕ್ಕರೆ ಗಾಡಿ ಬಾಗಿಲ ತನಕ ಬರುವುದಿಲ್ಲ. ಗೋದೌಲಿಯಾ ಚೌಕದ ಸುತ್ತಮುತ್ತ ಇಳಿದು ಜನಜಂಗುಳಿಯಲ್ಲಿ ನಡೆಯಬೇಕು, ಘಾಟಿನಲ್ಲಿ ಮೆಟ್ಟಿಲು ಇಳಿದು ಹತ್ತಬೇಕು. ಹಾಗಾಗಿ ಹೋಟೆಲಿನ ಹೆಸರು ಬರೆಸಿಕೊಳ್ಳಿ. "ತ್ರೀ ಸ್ಟಾರ್ ಅಥವಾ ಅದೇ ದರ್ಜೆಯ ಹೋಟೆಲ್" ಅನ್ನುವ ಸಾಲನ್ನು ಒಪ್ಪಬೇಡಿ. ಲಿಫ್ಟ್ ಇದೆಯಾ, ಒಂದು ರೂಮಿಗೆ ಎಷ್ಟು ಜನ, ಕಮೋಡ್ ಇದೆಯಾ, ಇವು ಸಣ್ಣ ವಿಷಯ ಅನ್ನಿಸಬಹುದು. ನಿಮ್ಮ ಅಪ್ಪಯ್ಯನಿಗೆ ಇವೇ ದೊಡ್ಡವು.

ಗಯಾದ ವಿಷಯವನ್ನು ಬಿಡಿಸಿ ಕೇಳಿ. ಕಾಶಿಯಿಂದ ಪ್ರಯಾಗ ಸುಮಾರು 120 ಕಿಲೋಮೀಟರ್, ಅಯೋಧ್ಯೆ 200ಕ್ಕೂ ಜಾಸ್ತಿ. ಗಯಾ ಸುಮಾರು 250 ಕಿಲೋಮೀಟರ್, ಅದೂ ಬೇರೆ ದಿಕ್ಕು. ಕೆಲವರು ಬೆಳಗಿನ ಜಾವ ಹೊರಟು, ವಿಷ್ಣುಪಾದದಲ್ಲಿ ಪಿಂಡ ಹಾಕಿಸಿ, ಅದೇ ರಾತ್ರಿ ಕಾಶಿಗೆ ವಾಪಸ್ ಕರೆತರುತ್ತಾರೆ. ಒಂದು ರಾತ್ರಿಯ ರೂಮಿನ ದುಡ್ಡು ಉಳಿಯುತ್ತದೆ, ಅವರಿಗೆ. 76 ವರ್ಷದವರನ್ನು ಒಂದೇ ದಿನ 500 ಕಿಲೋಮೀಟರ್ ಕೂರಿಸುವುದು ಬೇಡ. ಗಯಾದಲ್ಲಿ ಒಂದು ರಾತ್ರಿ ಉಳಿಯಲೇಬೇಕು ಅಂತ ಹೇಳಿ. ಇನ್ನು "ವಿಐಪಿ ದರ್ಶನ" ಅಂತ ಬೇರೆ ದುಡ್ಡು ಕೇಳಿದರೆ ಯಾವ ದೇವಸ್ಥಾನದ್ದು ಅಂತ ಕೇಳಿ. ಅಯೋಧ್ಯೆಯ ರಾಮಮಂದಿರದಲ್ಲಿ ದರ್ಶನಕ್ಕೆ ದುಡ್ಡಿಲ್ಲ, ಪಾಸಿಗೂ ದುಡ್ಡಿಲ್ಲ. ಕಾಶಿಯಲ್ಲಿ ಉದ್ದ ಸಾಲು ತಪ್ಪಿಸುವ ಸುಗಮ ದರ್ಶನಕ್ಕೆ ಟಿಕೆಟ್ ಇದೆ, ಅದನ್ನು ದೇವಸ್ಥಾನದವರ ವೆಬ್‌ಸೈಟಿನಲ್ಲಿ ನೀವೇ ತೆಗೆದುಕೊಳ್ಳಬಹುದು.

ಈಗ ದುಡ್ಡಿನ ವಿಷಯ. ನಾನು ಹೇಳಬೇಕಾದ್ದು ಮುಖ್ಯವಾಗಿ ಇದೇ. ಟ್ರಾವೆಲ್ಸ್ ಇರಲಿ, ಮೊಬೈಲ್ ಇರಲಿ, ನಿಮ್ಮ ಹೆಸರಿನಲ್ಲಿ ಆಗಿರುವ ಬುಕಿಂಗನ್ನು ಅದರ ಮೂಲದಲ್ಲೇ ನೀವು ಪರೀಕ್ಷೆ ಮಾಡುವ ತನಕ ದುಡ್ಡಿನ ದೊಡ್ಡ ಪಾಲು ನಿಮ್ಮ ಹತ್ತಿರವೇ ಇರಬೇಕು. ಮೂಲ ಅಂದರೆ ವಿಮಾನ ಕಂಪನಿ, ರೈಲ್ವೆ, ಹೋಟೆಲಿನ ರಿಸೆಪ್ಷನ್. ಮಧ್ಯದವರು ಕಳಿಸಿದ ವಾಟ್ಸಾಪ್ ಚಿತ್ರ ಮೂಲವಲ್ಲ.

ಒಮ್ಮೆ ಸೊರಬದ ಕಡೆಯ ಗುಂಪೊಂದು ನಮ್ಮ ಆಫೀಸಿಗೆ ಗಾಬರಿಯಿಂದ ಬಂತು. ದುಡ್ಡು ಕಟ್ಟಿದ್ದು ಬೇರೆಯವರ ಹತ್ತಿರ, ಪೂರ್ತಿ ಕಟ್ಟಿದ್ದರು. ನಾಡಿದ್ದು ಹೊರಡಬೇಕು, ಫೋನ್ ತೆಗೆಯುತ್ತಿಲ್ಲ. ಟಿಕೆಟ್ ಇದೆ ಅಂತ ಮೊಬೈಲ್ ತೋರಿಸಿದರು. ಪಿಎನ್‌ಆರ್, ಅಂದರೆ ಟಿಕೆಟಿನ ಮೇಲಿರುವ ಬುಕಿಂಗ್ ನಂಬರ್, ಹಾಕಿ ನೋಡಿದೆ. ಹೋಗುವ ಟಿಕೆಟ್ ಕನ್ಫರ್ಮ್ ಇತ್ತು, ಬರುವ ಟಿಕೆಟಿನಲ್ಲಿ ಎಲ್ಲರದೂ ವೇಟಿಂಗ್ ಲಿಸ್ಟ್. ಆನ್‌ಲೈನ್ ಟಿಕೆಟ್ ಪೂರ್ತಿ ವೇಟಿಂಗ್ ಇದ್ದರೆ ಚಾರ್ಟ್ (ಪ್ರಯಾಣಿಕರ ಕೊನೆಯ ಪಟ್ಟಿ) ಆದ ಮೇಲೆ ತಾನಾಗಿ ರದ್ದಾಗುತ್ತದೆ, ರೈಲು ಹತ್ತುವ ಹಾಗಿಲ್ಲ. ವಾಪಸ್ ಬರುವ ದುಡ್ಡು ಬುಕ್ ಮಾಡಿದವರ ಖಾತೆಗೆ ಹೋಗುತ್ತದೆ, ಪ್ರಯಾಣಿಕರಿಗಲ್ಲ. ಆ ಗುಂಪಿನಲ್ಲಿದ್ದ ಒಬ್ಬ ಅಜ್ಜಿ, "ಗಂಗಾಸ್ನಾನ ಆದ್ರೆ ಸಾಕು, ಬರೋದು ದೇವರಿಗೆ ಬಿಟ್ಟಿದ್ದು" ಅಂದರು. ಅವರ ಮಕ್ಕಳಿಗೆ ಕಣ್ಣೀರು ಬಂತು. ಕಟ್ಟುವ ಮೊದಲೇ ಯಾರಾದರೂ ಆ ಹತ್ತು ಅಂಕಿ ಒತ್ತಿ ನೋಡಿದ್ದರೆ ಸಾಕಿತ್ತು, ಅಲ್ವಾ?

ವಿಮಾನದ ಟಿಕೆಟಿಗೂ ಇದೇ ಮಾತು. ವಿಮಾನ ಕಂಪನಿಯ ವೆಬ್‌ಸೈಟಿನಲ್ಲಿ ಒಂದು ಸಲಕ್ಕೆ ಸಾಮಾನ್ಯವಾಗಿ ಒಂಬತ್ತು ಜನಕ್ಕೆ ಮಾತ್ರ ಬುಕ್ ಆಗುತ್ತದೆ. ದೊಡ್ಡ ಗುಂಪಿಗೆ ಟ್ರಾವೆಲ್ಸಿನವರು ಗ್ರೂಪ್ ಸೀಟು ಹಿಡಿಯುತ್ತಾರೆ. ಮೊದಲು ಸ್ವಲ್ಪ ಮುಂಗಡ ಕಟ್ಟಿ ಸೀಟು ನಿಲ್ಲಿಸಿಕೊಂಡು, ಬಾಕಿ ಕಟ್ಟಿ ಹೆಸರು ಕೊಟ್ಟ ಮೇಲೆ ಟಿಕೆಟ್ ಆಗುತ್ತದೆ. ಅದರಲ್ಲಿ ಮೋಸವಿಲ್ಲ, ವ್ಯಾಪಾರದ ಕ್ರಮವೇ ಹಾಗೆ. ಆದರೆ ನಿಮ್ಮ ದುಡ್ಡನ್ನು ಬೇರೆ ಟೂರಿಗೆ ತಿರುಗಿಸಿ, ಗಡುವಿನೊಳಗೆ ಬಾಕಿ ಕಟ್ಟದೆ ಹೋದರೆ ಆ ಸೀಟು ಹೋಯಿತು. ಅದಕ್ಕೇ "ಸೀಟ್ ಬ್ಲಾಕ್ ಆಗಿದೆ" ಅನ್ನುವ ಮಾತಿಗೆ ಪೂರ್ತಿ ದುಡ್ಡು ಕೊಡಬಾರದು. ಹನ್ನೆರಡು ಹೆಸರೂ ಇರುವ ಟಿಕೆಟ್ ಕೈಗೆ ಬಂದು, ಅದರ ಪಿಎನ್‌ಆರನ್ನು ವಿಮಾನ ಕಂಪನಿಯ ಸೈಟಿನಲ್ಲಿ ನೋಡಿದ ಮೇಲೆ ಕೊಡಿ.

ನಾನಾದರೆ ಅವರ ಹತ್ತಿರ ಹೀಗೆ ಮಾತಾಡುತ್ತಿದ್ದೆ. ಈಗ ಸೀಟು ಹಿಡಿಯಲು ಬೇಕಾದಷ್ಟು ಮುಂಗಡ. ಟಿಕೆಟ್ ತೋರಿಸಿದ ದಿನ ಟಿಕೆಟ್ಟಿನ ದುಡ್ಡು. ಹೊರಡುವ ವಾರ ಹೋಟೆಲಿಗೆ ನಾವೇ ಫೋನ್ ಮಾಡಿ ನಮ್ಮ ಹೆಸರಿನಲ್ಲಿ ರೂಮು ಇದೆ ಅಂತ ಕೇಳಿಕೊಂಡ ಮೇಲೆ ಉಳಿದದ್ದರ ಬಹುಪಾಲು. ಸ್ವಲ್ಪ ದುಡ್ಡು ಹೊರಡುವ ದಿನಕ್ಕೆ. ಎಲ್ಲವೂ ಆಫೀಸಿನ ಹೆಸರಿನ ಬ್ಯಾಂಕ್ ಖಾತೆಗೆ, ಜಿಎಸ್‌ಟಿ ನಂಬರ್ ಇರುವ ರಸೀದಿ ತೆಗೆದುಕೊಂಡು. ಯಾರದೋ ಸ್ವಂತ ಫೋನ್‌ಪೇ ನಂಬರಿಗೆ ಹಾಕಿ ಅಂದರೆ ಎದ್ದು ಬನ್ನಿ. ಒಳ್ಳೆಯ ಟ್ರಾವೆಲ್ಸಿನವರು ಇದಕ್ಕೆ ಸಿಟ್ಟು ಮಾಡಿಕೊಳ್ಳುವುದಿಲ್ಲ. ಸ್ವಲ್ಪ ಹಿಂದೆ-ಮುಂದೆ ಚೌಕಾಸಿ ಮಾಡಿ ಒಪ್ಪುತ್ತಾರೆ. ರದ್ದು ಮಾಡಿದರೆ ಎಷ್ಟು ದಿನ ಮೊದಲು ಎಷ್ಟು ವಾಪಸ್ ಅನ್ನುವುದನ್ನೂ ಅದೇ ಕಾಗದದಲ್ಲಿ ಬರೆಸಿ. ವಯಸ್ಸಾದವರಿರುವ ಮನೆಯಲ್ಲಿ ಕೊನೆ ಗಳಿಗೆಯಲ್ಲಿ ಏನೂ ಆಗಬಹುದು.

ಅಕ್ಕನ ಮಗನ ಕೆಲಸ ಏನು? ಪರೀಕ್ಷೆ ಮಾಡುವ ಕೆಲಸ ಅವನಿಗೇ ಒಪ್ಪಿಸಿ. ಪಿಎನ್‌ಆರ್ ನೋಡುವುದು, ಹೋಟೆಲಿಗೆ ಫೋನ್ ಮಾಡುವುದು, ಜಿಎಸ್‌ಟಿ ನಂಬರ್ ಸರ್ಕಾರದ ಪೋರ್ಟಲಿನಲ್ಲಿ ಹಾಕಿ ಯಾರ ಹೆಸರಿನಲ್ಲಿದೆ ಅಂತ ನೋಡುವುದು. ಇವು ಮೊಬೈಲ್ ಬಲ್ಲ ಹುಡುಗರಿಗೆ ಹತ್ತು ನಿಮಿಷದ ಕೆಲಸ. ಬುಕಿಂಗ್ ಪೂರ್ತಿ ಅವನ ತಲೆಗೆ ಕಟ್ಟಬೇಡಿ. ಸ್ವಂತ ಬುಕಿಂಗಿನಲ್ಲಿ ಒಂದು ಕೊಂಡಿ ತಪ್ಪಿದರೆ ಮುಂದಿನದೆಲ್ಲ ನಿಮ್ಮ ಮೇಲೆಯೇ. ಉದಾಹರಣೆಗೆ ನಮ್ಮ ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣದಿಂದ ಬೆಂಗಳೂರಿಗೆ ಒಂದು ಟಿಕೆಟ್, ಅಲ್ಲಿಂದ ವಾರಾಣಸಿಗೆ ಬೇರೆ ಟಿಕೆಟ್ ತೆಗೆದರು ಅಂದುಕೊಳ್ಳಿ. ಮಂಜಿಗೋ ಮಳೆಗೋ ಮೊದಲನೆಯದು ಹಾರಲಿಲ್ಲ. ಎರಡನೆಯ ವಿಮಾನ ನಿಮಗೆ ಕಾಯುವುದಿಲ್ಲ, ಆ ದುಡ್ಡನ್ನು ಕೊಡಬೇಕಾದ ಹೊಣೆಯೂ ಯಾರಿಗೂ ಇರುವುದಿಲ್ಲ. ಎರಡೂ ಒಂದೇ ಪಿಎನ್‌ಆರಿನಲ್ಲಿದ್ದರೆ ಮುಂದಿನ ವಿಮಾನದ ಜವಾಬ್ದಾರಿ ಕಂಪನಿಯದ್ದು. ಮತ್ತೆ, ಟಿಕೆಟ್ ರದ್ದು ಮಾಡಲು ಗೂಗಲಿನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕಬೇಡಿ. ಕಳ್ಳರು ಅಲ್ಲಿ ತಮ್ಮದೇ ನಂಬರ್ ಹಾಕಿಟ್ಟಿರುತ್ತಾರೆ. ಟಿಕೆಟಿನ ಮೇಲೋ ಆ್ಯಪಿನ ಒಳಗೋ ಇರುವ ನಂಬರಿಗೇ ಮಾಡಿ.

ಒಂದು ವೇಳೆ ವಿಮಾನ ಬೇಡ, ರೈಲು ಅಂತಾದರೆ ಇದು ನೆನಪಿರಲಿ. ಮುಂಗಡ ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತದೆ, 2024ರ ನವೆಂಬರಿನಿಂದ ಹಾಗಾಗಿದೆ. ಒಂದು ಟಿಕೆಟಿನಲ್ಲಿ ಆರೇ ಜನ. ಅಪ್ಪಯ್ಯ, ಅಮ್ಮ ಇಬ್ಬರ ಟಿಕೆಟನ್ನು ಬೇರೆಯಾಗಿ ತೆಗೆಯಿರಿ. ಕೆಳಗಿನ ಬರ್ತಿನ ಕೋಟಾ 60 ದಾಟಿದ ಗಂಡಸರಿಗೆ, 45 ದಾಟಿದ ಹೆಂಗಸರಿಗೆ ಸಿಗುವುದು ಟಿಕೆಟಿನಲ್ಲಿ ಒಬ್ಬರೋ ಇಬ್ಬರೋ ಇದ್ದಾಗ ಮಾತ್ರ. ಎಲ್ಲರೂ ಒಟ್ಟಿಗಿರಲಿ ಅಂತ ಆರು ಜನರ ಟಿಕೆಟಿನಲ್ಲಿ ಸೇರಿಸಿ, ಅಜ್ಜನಿಗೆ ಮೇಲಿನ ಬರ್ತ್ ಬಂದು ಪರದಾಡಿದವರು ಬಹಳ ಜನ. ಅಧಿಕೃತ ಏಜೆಂಟರಲ್ಲಿ ಟಿಕೆಟ್ ಮಾಡಿಸಿದರೆ ನಿಮ್ಮದೇ ಮೊಬೈಲ್ ನಂಬರ್ ಹಾಕಿಸಿ. ರದ್ದಾದರೆ ಎಷ್ಟು ದುಡ್ಡು ವಾಪಸ್ ಅನ್ನುವ ಮೆಸೇಜ್, ಒಟಿಪಿ ನಿಮಗೇ ಬರುತ್ತದೆ. ಮುಜರಾಯಿ ಇಲಾಖೆಯ ಭಾರತ್ ಗೌರವ್ ಕಾಶಿ ದರ್ಶನ ರೈಲನ್ನೂ ವಿಚಾರಿಸಿ. 2022ರ ನವೆಂಬರಿನಲ್ಲಿ ಶುರುವಾದದ್ದು, ಸರ್ಕಾರದ ಸಹಾಯಧನ ಇರುತ್ತದೆ. ಆದರೆ ಅದು ಹೊರಡುವ ದಿನಕ್ಕೆ ನೀವು ಹೊಂದಿಕೊಳ್ಳಬೇಕು.

ಇಷ್ಟೆಲ್ಲ ಮಾಡಿಯೂ ಮೋಸವಾದರೆ ಶಿವಮೊಗ್ಗದ ಜಿಲ್ಲಾ ಗ್ರಾಹಕರ ಆಯೋಗ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕಂಪನಿ ದೆಹಲಿಯಲ್ಲಿದ್ದರೂ ಸರಿ. ಕೊಟ್ಟ ದುಡ್ಡು 5 ಲಕ್ಷದವರೆಗೆ ಇದ್ದರೆ ಶುಲ್ಕವಿಲ್ಲ, ವಕೀಲರು ಬೇಕೇ ಬೇಕು ಅಂತಿಲ್ಲ. ಎರಡು ವರ್ಷದೊಳಗೆ ಕೊಡಬೇಕು. ಮೊದಲು ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ನೋಡಿ, ಎಷ್ಟೋ ಸಲ ಅಲ್ಲೇ ಬಗೆಹರಿಯುತ್ತದೆ.

ಪ್ರಶ್ನೆ: ಪೆಟ್ರೋಲ್ ಬಂಕಿನಲ್ಲಿ ಕೂಪನ್ ತುಂಬಿದ್ದೆವು. "ಬಹುಮಾನ ಬಂದಿದೆ, ದಂಪತಿ ಇಬ್ಬರೂ ಬನ್ನಿ" ಅಂತ ಹೋಟೆಲಿಗೆ ಕರೆದರು. ಮೂರು ಗಂಟೆ ಕೂರಿಸಿ, ಹತ್ತು ವರ್ಷದ ಹಾಲಿಡೇ ಮೆಂಬರ್‌ಶಿಪ್ ಅಂತ 95 ಸಾವಿರಕ್ಕೆ ಸಹಿ ಹಾಕಿಸಿದರು. 30 ಸಾವಿರ ಕಾರ್ಡಿನಲ್ಲಿ, ಉಳಿದದ್ದು ಇಎಂಐ. ಈಗ ಯಾವಾಗ ಕೇಳಿದರೂ ರೂಮು ಖಾಲಿ ಇಲ್ಲ ಅಂತಾರೆ. ಮನೆಯವರಿಗೆ ಬೇಜಾರಾಗಿದೆ.
— ಶಿಕ್ಷಕಿ, ಭದ್ರಾವತಿ

ಉತ್ತರ: ಮೇಡಂ, ಮೊದಲು ಮನೆಯಲ್ಲಿ ಒಬ್ಬರನ್ನೊಬ್ಬರು ದೂರುವುದು ನಿಲ್ಲಿಸಿ. ಮೂರು ಗಂಟೆ ಕೂರಿಸುವುದೇ, "ಈ ರೇಟು ಇವತ್ತಿಗೆ ಮಾತ್ರ" ಅನ್ನುವುದೇ, ಯೋಚನೆ ಮಾಡಲು ಬಿಡದಿರುವುದಕ್ಕೆ.

ಸಹಿ ಹಾಕಿದ ಕಾಗದವನ್ನು ಇವತ್ತು ರಾತ್ರಿ ಕೂತು ಓದಿ. ಕೆಲವು ಒಪ್ಪಂದಗಳಲ್ಲಿ ಇಷ್ಟು ದಿನದೊಳಗೆ ಬಿಟ್ಟರೆ ದುಡ್ಡು ವಾಪಸ್ ಅಂತ ಇರುತ್ತದೆ. ಆ ದಿನಗಳು ಉಳಿದಿದ್ದರೆ ನಾಳೆಯೇ ಇಮೇಲ್, ಜೊತೆಗೆ ಸ್ಪೀಡ್ ಪೋಸ್ಟ್. ಕಳೆದಿದ್ದರೂ ಬರೆಯಿರಿ. ಯಾವ ಯಾವ ತಾರೀಖಿಗೆ ರೂಮು ಕೇಳಿದಿರಿ, ಅವರು ಏನಂದರು ಅನ್ನುವುದು ಬರಹದಲ್ಲಿ ಇರಬೇಕು. ಇನ್ನು ಮೇಲೆ ಫೋನಿನಲ್ಲಿ ಕೇಳಬೇಡಿ, ಇಮೇಲಿನಲ್ಲೇ ಕೇಳಿ. ಗ್ರಾಹಕರ ಆಯೋಗದಲ್ಲಿ ನಿಮ್ಮ ಕೈ ಹಿಡಿಯುವುದು ಅದೇ.

ಕಾರ್ಡಿನ ಬ್ಯಾಂಕಿಗೂ ತಡ ಮಾಡದೆ ಬರಹದಲ್ಲಿ ತಕರಾರು ಕೊಡಿ, ಅದಕ್ಕೆ ಗಡುವು ಇರುತ್ತದೆ. ಆದರೆ ಇಎಂಐ ಕಟ್ಟುವುದನ್ನು ಸಿಟ್ಟಿನಲ್ಲಿ ನಿಲ್ಲಿಸಬೇಡಿ. ಅದು ಸಾಲ ಕೊಟ್ಟ ಸಂಸ್ಥೆಯ ಜೊತೆಗಿನ ಬೇರೆ ವ್ಯವಹಾರ. ನಿಲ್ಲಿಸಿದರೆ ಸಾಲ ಕೊಡುವವರು ನೋಡುವ ನಿಮ್ಮ ಸಿಬಿಲ್ ಅಂಕ ಕೆಡುತ್ತದೆ, ನಾಳೆ ಮಕ್ಕಳ ಓದಿನ ಸಾಲಕ್ಕೆ ತೊಂದರೆ. ಮೊದಲು ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿ. ಹೆಣ್ಣುಮಕ್ಕಳಿಗೆ ಅಲ್ಲಿ ಉಚಿತ ಸಲಹೆ ಸಿಗುತ್ತದೆ, ಆದಾಯದ ಮಿತಿಯಿಲ್ಲ.

ಒಂದು ಎಚ್ಚರಿಕೆ. ಇನ್ನು ಕೆಲವು ತಿಂಗಳಲ್ಲಿ ಯಾರಾದರೂ ಫೋನ್ ಮಾಡಿ, "ನಿಮ್ಮ ಮೆಂಬರ್‌ಶಿಪ್ ಮಾರಿಸಿಕೊಡುತ್ತೇವೆ, ಪ್ರೊಸೆಸಿಂಗ್ ಫೀ ಕಟ್ಟಿ" ಅನ್ನಬಹುದು. ಕಟ್ಟಬೇಡಿ. ಒಮ್ಮೆ ದುಡ್ಡು ಕೊಟ್ಟವರ ಪಟ್ಟಿ ಇಟ್ಟುಕೊಂಡೇ ಈ ಎರಡನೇ ಮೋಸ ನಡೆಯುತ್ತದೆ.

ಪ್ರಶ್ನೆ: ಮೇ ರಜೆಗೆ ಮಕ್ಕಳನ್ನು ಕರೆದುಕೊಂಡು ಜೋಗ, ಸಿಗಂದೂರು, ಕೊಡಚಾದ್ರಿ ನೋಡಬೇಕು. ಇನ್‌ಸ್ಟಾಗ್ರಾಮಿನಲ್ಲಿ ಒಂದು ಹೋಮ್‌ಸ್ಟೇ ಪ್ಯಾಕೇಜ್ ಚೆನ್ನಾಗಿದೆ, ಪೂರ್ತಿ ದುಡ್ಡು ಮೊದಲೇ ಹಾಕಬೇಕಂತೆ. ಹಾಕಬಹುದಾ?
— ಓದುಗರು, ಮೈಸೂರು

ಉತ್ತರ: ಹಾಕಬೇಡಿ. ನಮ್ಮೂರಿನ ಕಡೆ ಬರುವುದಕ್ಕೆ ನಿಮಗೆ ಪ್ಯಾಕೇಜೇ ಬೇಡ. ಮೈಸೂರಿನಿಂದ ತಾಳಗುಪ್ಪಕ್ಕೆ ನೇರ ರೈಲಿದೆ. ಅಲ್ಲಿಂದ ಜೋಗ ಹದಿನೈದು ಕಿಲೋಮೀಟರ್ ಆಸುಪಾಸು. ಜೋಗದಲ್ಲಿ ಪ್ರವಾಸೋದ್ಯಮ ನಿಗಮದ ಮಯೂರ ಗೇರುಸೊಪ್ಪ ಹೋಟೆಲ್ ಇದೆ, ನಿಗಮದ ಸೈಟಿನಲ್ಲೇ ಬುಕ್ ಮಾಡಬಹುದು.

ಆ ಜಾಹೀರಾತಿನಲ್ಲಿ ಜೋಗ ಭೋರ್ಗರೆಯುವ ಚಿತ್ರ ಇರಬೇಕು. ಅದು ಮಳೆಗಾಲದ ಚಿತ್ರ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದ ಮೇಲೆ ಬೇಸಿಗೆಯಲ್ಲಿ ನೀರು ಬಹಳ ಕಡಿಮೆ. ಮೇ ತಿಂಗಳಲ್ಲಿ ಮಕ್ಕಳು 253 ಮೀಟರ್ ಎತ್ತರದ ಬಂಡೆಯನ್ನೂ ಅದರ ಮೇಲೆ ಒಂದೆರಡು ಬಿಳಿ ಗೆರೆಯನ್ನೂ ನೋಡಿ ಬೇಜಾರು ಮಾಡಿಕೊಂಡಾರು. ರಜೆ ಹೊಂದಿಸಲು ಆಗುವುದಾದರೆ ಆಗಸ್ಟ್, ಸೆಪ್ಟೆಂಬರಿನಲ್ಲಿ ಬನ್ನಿ.

ಸಿಗಂದೂರಿಗೆ ಹಿನ್ನೀರು ದಾಟಿಸುವ ಲಾಂಚಿನ ದುಡ್ಡು ಅಂತ ಪ್ಯಾಕೇಜಿನಲ್ಲಿ ಸೇರಿಸಿದ್ದರೆ ಆ ಕಾಗದ ಹಳೆಯದು ಅಂತ ತಿಳಿಯಿರಿ. 2025ರ ಜುಲೈ 14ರಂದು ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ಎರಡೂವರೆ ಕಿಲೋಮೀಟರ್ ಹತ್ತಿರ ಉದ್ದ. ಈಗ ಗಾಡಿಯಲ್ಲೇ ಶರಾವತಿ ಹಿನ್ನೀರು ದಾಟಬಹುದು.

ಹೋಮ್‌ಸ್ಟೇ ಬೇಕೇ ಬೇಕು ಅಂದರೆ ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಇದೆಯಾ ಕೇಳಿ. ವಿಡಿಯೊ ಕಾಲ್ ಮಾಡಿ ಮನೆ, ಅಂಗಳ ತೋರಿಸಿ ಅನ್ನಿ. ನಮ್ಮ ಕಡೆಯ ನಿಜವಾದ ಮನೆಯವರು ಸಂತೋಷವಾಗಿ ತೋರಿಸುತ್ತಾರೆ, ನೆಟ್‌ವರ್ಕ್ ಸಿಕ್ಕರೆ. ಮುಂಗಡ ಒಂದು ಪಾಲು ಕೊಟ್ಟು ಉಳಿದದ್ದು ಬಂದ ಮೇಲೆ. ಈಗಾಗಲೇ ದುಡ್ಡು ಹಾಕಿ ಆ ಪೇಜು ಮಾಯವಾಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಮೊದಲ ಒಂದೆರಡು ಗಂಟೆಯೊಳಗೆ ಹೇಳಿದರೆ ಆ ಖಾತೆಯಲ್ಲಿ ದುಡ್ಡು ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಕೊಡಚಾದ್ರಿಗೆ ಮಾತ್ರ ನಿಮ್ಮ ಕಾರು ಹತ್ತುವುದಿಲ್ಲ, ಅಲ್ಲಿನ ಜೀಪೇ ಗತಿ. ಅದರ ಬಾಡಿಗೆ ಪ್ಯಾಕೇಜಿನಲ್ಲಿ ಇದೆ ಅಂದರೂ, ಇಲ್ಲ ಅಂದರೂ, ಜೀಪ್ ಹತ್ತುವ ಮೊದಲು ಹೋಗಿಬರುವ ಒಟ್ಟು ಮೊತ್ತ ಎಷ್ಟು, ಮೇಲೆ ಎಷ್ಟು ಹೊತ್ತು ಕಾಯುತ್ತಾರೆ ಅನ್ನುವುದನ್ನು ಡ್ರೈವರ್ ಹತ್ತಿರವೇ ಮಾತಾಡಿಕೊಳ್ಳಿ.